ಸಹಚಿಕಿತ್ಸಕನಾಗಿ ನಾಯಿ: ಲೆವಿನ್‌ಸನ್ನರ ವಾದವೂ ಶಾಲೆಯ ಸಾಕ್ಷ್ಯವೂ

೧

ಕೆಲವು ಪ್ರಸ್ತಾವಗಳು ಮೊದಲ ಬಾರಿಗೆ ವಿದ್ವತ್ಸಭೆಯ ಮುಂದೆ ಬಂದಾಗ ನಗೆಯನ್ನು ಹುಟ್ಟಿಸುತ್ತವೆ. ಕಾಲಕ್ರಮದಲ್ಲಿ ಅವೇ ಪದ್ಧತಿಗಳಾಗಿ ನೆಲೆಗೊಳ್ಳುತ್ತವೆ. ನಗುವವರು ಅವನ್ನು ಪರೀಕ್ಷಿಸುವುದಿಲ್ಲ. ಪದ್ಧತಿಯೆಂದು ಸ್ವೀಕರಿಸಿದವರಿಗೆ ಪರೀಕ್ಷೆಯ ಅಗತ್ಯವೇ ತೋರುವುದಿಲ್ಲ. ಮಕ್ಕಳ ಓದಿಗೂ ಅವರ ಸಾಮಾಜಿಕ ನಡವಳಿಕೆಗೂ ನೆರವಾಗಲೆಂದು ತರಬೇತಾದ ನಾಯಿಯನ್ನು ಶಾಲೆಯೊಳಕ್ಕೆ ಕರೆತರುವ ಪದ್ಧತಿ ಈ ಬಗೆಯದು. ಅಮೆರಿಕ, ಇಂಗ್ಲೆಂಡು, ಆಸ್ಟ್ರಿಯ, ಜರ್ಮನಿ ಮೊದಲಾದ ದೇಶಗಳಲ್ಲಿ ಇದು ಈಗ ಅಪರೂಪದ ಸಂಗತಿಯಲ್ಲ. ಇದನ್ನು ಕುರಿತ ಬರಹವೂ ಹೇರಳವಾಗಿ ಬೆಳೆದಿದೆ. ಆ ಬರಹದ ಮೂಲದಲ್ಲಿರುವುದು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್‌ಸನ್ನರು ೧೯೬೨ರಲ್ಲಿ ‘ಮೆಂಟಲ್ ಹೈಜೀನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಕಿರುಲೇಖನ. ನಾಯಿಯನ್ನು ‘ಸಹಚಿಕಿತ್ಸಕ’ನೆಂದು ಕರೆದದ್ದು ಆ ಲೇಖನವೇ. ಆ ಮಾತಿನ ಅರ್ಥವೇನು, ಚಿಕಿತ್ಸಾಲಯದಲ್ಲಿ ಹುಟ್ಟಿದ ಆ ಮಾತು ಶಾಲೆಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ, ಅನಂತರದ ಅರುವತ್ತು ವರ್ಷಗಳ ಸಂಶೋಧನೆ ಅದನ್ನು ಎಷ್ಟು ಸಮರ್ಥಿಸಿದೆ ಎಂಬುದನ್ನು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ಕೇವಲ ಕುತೂಹಲಕ್ಕೆ ಸೇರಿದ್ದಲ್ಲ. ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಲಾರದ ಮಗು ಪ್ರತಿಯೊಂದು ಶಾಲೆಯಲ್ಲಿಯೂ ಇರುತ್ತದೆ. ಅಕ್ಷರ ಬಾರದೆ ತಡವರಿಸುವ ಮಗು ಬೇರೆ. ಅಕ್ಷರ ಬಂದರೂ ನಾಲ್ಕು ಜನ ಕೇಳುತ್ತಾರೆಂಬ ಭಯದಿಂದ ತಡವರಿಸುವ ಮಗು ಬೇರೆ. ಎರಡನೆಯದು ಕ್ರಮೇಣ ಓದುವುದನ್ನೇ ಬಿಟ್ಟು ಮೊದಲನೆಯದರ ಪಂಕ್ತಿಗೆ ಸೇರಿಬಿಡುವುದುಂಟು. ಅಂಥ ಮಗುವಿಗೆ ನಾಯಿಯೊಂದು ನಿಜವಾಗಿ ನೆರವಾಗಬಲ್ಲುದಾದರೆ ಆ ನೆರವನ್ನು ಹಾಸ್ಯಮಾಡಿ ತಳ್ಳಿಹಾಕುವುದು ಸಲ್ಲದು. ಹಾಗಲ್ಲದೆ, ನೆರವು ಬಂದದ್ದು ಬೇರೆ ಯಾವುದೋ ಕಾರಣದಿಂದ, ಕೀರ್ತಿ ಸಂದದ್ದು ಮಾತ್ರ ನಾಯಿಗೆ ಎಂದಾದರೆ, ನಿಜವಾದ ಕಾರಣವನ್ನು ಕಂಡುಹಿಡಿದು ಹೇಳುವುದು ಶಿಕ್ಷಣವಿಮರ್ಶೆಯ ಕರ್ತವ್ಯ. ಏಕೆಂದರೆ ನಾಯಿಯನ್ನು ಎಲ್ಲ ಶಾಲೆಗಳಿಗೂ ಒದಗಿಸಲಾಗುವುದಿಲ್ಲ. ಆ ಬೇರೆ ಕಾರಣವನ್ನು ಒದಗಿಸಬಹುದಾಗಿದ್ದರೂ ಒದಗಿಸಬಹುದು.

೨

ಲೆವಿನ್‌ಸನ್ನರು ಯೆಶಿವ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಮಕ್ಕಳ ಮಾನಸಿಕ ಚಿಕಿತ್ಸೆಯನ್ನು ವೃತ್ತಿಯಾಗಿ ನಡೆಸಿದವರು. ಅವರು ಹೇಳುವ ಮೂಲಪ್ರಸಂಗ ಸರಳವಾದದ್ದು. ಯಾರೊಡನೆಯೂ ಬೆರೆಯದೆ ತನ್ನಲ್ಲಿಯೇ ಮುಚ್ಚಿಕೊಂಡಿದ್ದ ಒಬ್ಬ ಹುಡುಗನನ್ನು ತಾಯಿ ಗೊತ್ತಾದ ವೇಳೆಗಿಂತ ಮುಂಚೆಯೇ ಅವರಲ್ಲಿಗೆ ಕರೆತಂದಳು. ರೋಗಿಗಳು ಬರುವ ವೇಳೆಯಲ್ಲಿ ಸಾಮಾನ್ಯವಾಗಿ ಹೊರಗಿರುತ್ತಿದ್ದ ಅವರ ನಾಯಿ ಜಿಂಗಲ್ಸ್ ಅಂದು ಕೋಣೆಯಲ್ಲಿಯೇ ಇತ್ತು. ಅದು ಓಡಿಹೋಗಿ ಹುಡುಗನನ್ನು ನೆಕ್ಕಿತು. ಹುಡುಗ ಹಿಂಜರಿಯದೆ ಅದನ್ನು ತಬ್ಬಿಕೊಂಡ. ಮುಂದಿನ ಹಲವು ಭೇಟಿಗಳಲ್ಲಿ ಅವನು ನಾಯಿಯೊಡನೆ ಮಾತ್ರ ಆಡುತ್ತಿದ್ದ. ಬರಬರುತ್ತ ಆ ಆಟದಲ್ಲಿ ಚಿಕಿತ್ಸಕನಿಗೂ ಒಂದು ಸ್ಥಾನ ದೊರೆಯಿತು. ಈ ಅನುಭವವನ್ನು ಲೆವಿನ್‌ಸನ್ನರು ೧೯೬೧ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಮ್ಮೇಳನದಲ್ಲಿ ನಿರೂಪಿಸಿದಾಗ ಸಭಿಕರಲ್ಲಿ ಹಲವರು ಅದನ್ನು ಪರಿಹಾಸಕ್ಕೆ ಗುರಿಮಾಡಿದರು. ಅವರು ಧೃತಿಗೆಡದೆ ಮರುವರ್ಷ ಲೇಖನವನ್ನು ಅಚ್ಚುಮಾಡಿಸಿದರು. ೧೯೬೯ರಲ್ಲಿ ಅದೇ ವಿಷಯವನ್ನು ವಿಸ್ತರಿಸಿ ಒಂದು ಗ್ರಂಥವನ್ನೇ ಬರೆದರು.

ಈ ಲೇಖನವನ್ನು ಓದುವಾಗ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಶೀರ್ಷಿಕೆಯಲ್ಲಿ ‘ಸಹಚಿಕಿತ್ಸಕ’ ಎಂಬ ಶಬ್ದವನ್ನು ಲೆವಿನ್‌ಸನ್ನರು ಉದ್ಧರಣಚಿಹ್ನೆಯೊಳಗೆ ಇಟ್ಟಿದ್ದಾರೆ. ಅದು ಲಕ್ಷಣಾವೃತ್ತಿಯಿಂದ ಹೇಳಿದ ಮಾತೆಂಬ ಅರಿವು ಅವರಿಗಿತ್ತು. ಚಿಕಿತ್ಸಕನೆಂದರೆ ಉದ್ದೇಶವನ್ನು ಅರಿತು, ಫಲವನ್ನು ಅಳೆದು, ತನ್ನ ಕ್ರಮವನ್ನು ತಿದ್ದಿಕೊಳ್ಳುವವನು. ಇವುಗಳಲ್ಲಿ ಯಾವುದೂ ನಾಯಿಯ ಕೆಲಸವಲ್ಲ. ಎರಡನೆಯದು, ಅವರ ಪ್ರಸಂಗದಲ್ಲಿ ನಾಯಿ ಮಗುವನ್ನು ಗುಣಪಡಿಸಲಿಲ್ಲ. ಗುಣಪಡಿಸಬಲ್ಲ ಮನುಷ್ಯನ ಬಳಿಗೆ ಮಗು ಬರುವಂತೆ ಮಾಡಿತು. ಅದು ಸೇತುವೆಯ ಕೆಲಸ. ಸೇತುವೆಯ ಆಚೆಯ ದಡದಲ್ಲಿ ತಾಳ್ಮೆಯಿಂದ ಕಾದು ಕುಳಿತ ಒಬ್ಬ ಮನುಷ್ಯ ಇದ್ದನೆಂಬುದನ್ನು ಮರೆಯಲಾಗದು. ಅನಂತರದ ಬರಹಗಾರರಲ್ಲಿ ಬಹುಮಂದಿ ಶಬ್ದವನ್ನು ಉಳಿಸಿಕೊಂಡು ಉದ್ಧರಣಚಿಹ್ನೆಯನ್ನು ಕೈಬಿಟ್ಟರು. ಲಕ್ಷ್ಯಾರ್ಥವು ವಾಚ್ಯಾರ್ಥವಾಗಿ ಪರಿಣಮಿಸಿತು. ನಾಯಿಗೆ ‘ನಿರಪೇಕ್ಷ ಪ್ರೇಮ’ವೆಂಬ ಗುಣವನ್ನು ಆರೋಪಿಸಿ, ಆ ಪ್ರೇಮವೇ ಮಗುವನ್ನು ತಿದ್ದುತ್ತದೆಂದು ಹೇಳುವ ವಾಡಿಕೆ ಬೆಳೆದದ್ದು ಈ ಅರ್ಥಪಲ್ಲಟದಿಂದ ಎಂದು ನಾವು ಭಾವಿಸುತ್ತೇವೆ.

ಶಬ್ದಗಳ ವಿಷಯದಲ್ಲಿ ಇನ್ನೊಂದು ಸ್ಪಷ್ಟತೆಯೂ ಅಗತ್ಯ. ಕುರುಡನನ್ನು ದಾರಿಯಲ್ಲಿ ನಡೆಸುವ ನಾಯಿ ಒಬ್ಬನೇ ವ್ಯಕ್ತಿಯ ಸೇವೆಗಾಗಿ ತರಬೇತಾದದ್ದು. ಅದು ಸಹಾಯಕ ನಾಯಿ. ಪ್ರಕೃತ ನಾವು ಹೇಳುತ್ತಿರುವ ಚಿಕಿತ್ಸಾನಾಯಿ ತನ್ನ ಯಜಮಾನನೊಡನೆ ಹಲವರ ಬಳಿಗೆ ಹೋಗಿ ಅವರೊಡನೆ ಶಾಂತವಾಗಿ ಇರಲು ಯೋಗ್ಯವೆಂದು ಪರೀಕ್ಷಿತವಾದದ್ದು. ಮಾನವ ಮತ್ತು ಪ್ರಾಣಿಗಳ ಸಂಬಂಧವನ್ನು ಕುರಿತ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟವು ೨೦೧೪ರಲ್ಲಿ ಪ್ರಕಟಿಸಿದ ವ್ಯಾಖ್ಯಾನಪತ್ರದಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಿದೆ: ಚಿಕಿತ್ಸಕನು ಗುರಿಯಿಟ್ಟು ನಡೆಸುವ ಚಿಕಿತ್ಸೆ, ಉಪಾಧ್ಯಾಯನು ಗುರಿಯಿಟ್ಟು ನಡೆಸುವ ಶಿಕ್ಷಣ, ಸ್ವಯಂಸೇವಕರು ಸಂತೋಷಕ್ಕಾಗಿ ನಡೆಸುವ ಭೇಟಿ. ಶಾಲೆಗಳಲ್ಲಿ ಈ ಮೂರೂ ಒಂದೇ ಹೆಸರಿನಲ್ಲಿ ನಡೆಯುತ್ತಿರುವುದರಿಂದ ಒಂದರ ಫಲವನ್ನು ಇನ್ನೊಂದಕ್ಕೆ ಹಚ್ಚುವ ಪ್ರಮಾದಕ್ಕೆ ಅವಕಾಶವಾಗಿದೆ.

೩

ಲೆವಿನ್‌ಸನ್ನರ ಕಲ್ಪನೆ ಓದಿನ ಕ್ಷೇತ್ರಕ್ಕೆ ವ್ಯವಸ್ಥಿತವಾಗಿ ಕಾಲಿಟ್ಟದ್ದು ೧೯೯೯ರಲ್ಲಿ. ಅಮೆರಿಕದ ಯೂಟ ಸಂಸ್ಥಾನದ ಸಾಲ್ಟ್ ಲೇಕ್ ನಗರದಲ್ಲಿ ‘ಇಂಟರ್‌ಮೌಂಟನ್ ಥೆರಪಿ ಅನಿಮಲ್ಸ್’ ಎಂಬ ಸಂಸ್ಥೆಯವರು ಅಲ್ಲಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳು ನಾಯಿಗೆ ಕಥೆ ಓದಿ ಹೇಳುವ ಒಂದು ಯೋಜನೆಯನ್ನು ಪ್ರಾರಂಭಿಸಿದರು. ಅದು ಬೇಗನೆ ಶಾಲೆಗಳಿಗೂ ಹಬ್ಬಿತು. ಅಮೆರಿಕದಾಚೆಯ ದೇಶಗಳಿಗೂ ಹೋಯಿತು. ಅದರ ಕ್ರಮ ಹೀಗೆ: ಒಂದು ಮೂಲೆಯಲ್ಲಿ ಹಾಸನ್ನು ಹಾಸಿ ಮಗುವೂ ನಾಯಿಯೂ ಒತ್ತಾಗಿ ಕುಳಿತುಕೊಳ್ಳುತ್ತವೆ; ನಾಯಿಯನ್ನು ಕರೆತಂದವರು ಪಕ್ಕದಲ್ಲಿರುತ್ತಾರೆ. ಮಗು ತನ್ನ ವೇಗದಲ್ಲಿ ಗಟ್ಟಿಯಾಗಿ ಓದುತ್ತದೆ. ತಪ್ಪಿದ ಕೂಡಲೆ ಯಾರೂ ತಡೆಯುವುದಿಲ್ಲ. ತಿದ್ದಲೇಬೇಕಾದಾಗ ನಾಯಿಯನ್ನು ಕರೆತಂದವರು ನಾಯಿಯ ಪರವಾಗಿ ಮಾತನಾಡುತ್ತಾರೆ: ಈ ಶಬ್ದ ನಾಯಿಗೆ ಅರ್ಥವಾಗಲಿಲ್ಲ, ನೀನು ಇನ್ನೊಮ್ಮೆ ಹೇಳಿ ತಿಳಿಸಬಲ್ಲೆಯಾ ಎಂದು ಕೇಳುತ್ತಾರೆ.

ಈ ಚಿಕ್ಕ ಘಟನೆಯಲ್ಲಿ ಎಷ್ಟು ಅಂಶಗಳು ಹೆಣೆದುಕೊಂಡಿವೆಯೆಂಬುದನ್ನು ವಾಚಕರು ಗಮನಿಸಬೇಕು. ನಾಯಿ ಇದೆ. ಅದರ ಸ್ಪರ್ಶವಿದೆ. ತರಗತಿಯ ಗದ್ದಲದಿಂದ ದೂರವಾದ ಸ್ಥಳವಿದೆ. ಒಂದೇ ಮಗುವಿಗೆ ಮೀಸಲಾದ ಕಾಲವಿದೆ. ಅಂಕಗಳನ್ನು ಕೊಡದ ಒಬ್ಬ ದೊಡ್ಡವರಿದ್ದಾರೆ. ಅವಮಾನವಾಗದಂತೆ ತಿದ್ದುವ ಒಂದು ಉಪಾಯವಿದೆ. ಹೊಸತನದ ಆಕರ್ಷಣೆಯಿದೆ. ಇವುಗಳ ಜೊತೆಗೆ, ಹೆಚ್ಚಾಗಿ ಓದಿದಷ್ಟೂ ಓದು ಸುಧಾರಿಸುತ್ತದೆಂಬ ಸಾಮಾನ್ಯ ನಿಯಮವೂ ಕೆಲಸಮಾಡುತ್ತಿದೆ. ಕೆಲವು ವಾರಗಳ ಅನಂತರ ಮಗುವಿನ ಓದು ಉತ್ತಮವಾದರೆ ಆ ಶ್ರೇಯಸ್ಸು ಇವುಗಳಲ್ಲಿ ಯಾವುದಕ್ಕೆ ಸಲ್ಲಬೇಕು? ನಮ್ಮ ತಾರ್ಕಿಕರು ಕಾರಣವನ್ನು ನಿಶ್ಚಯಿಸಲು ಅನ್ವಯ, ವ್ಯತಿರೇಕ ಎಂಬ ಎರಡು ಒರೆಗಲ್ಲುಗಳನ್ನು ಹೇಳಿದ್ದಾರೆ. ಅದು ಇದ್ದಾಗ ಇದು ಉಂಟು ಎಂಬುದು ಅನ್ವಯ. ಅದು ಇಲ್ಲದಾಗ ಇದು ಇಲ್ಲ ಎಂಬುದು ವ್ಯತಿರೇಕ. ನಾಯಿಯಿದ್ದಾಗ ಓದು ಸುಧಾರಿಸಿತೆಂಬ ಅನ್ವಯದ ಉದಾಹರಣೆಗಳು ಬೇಕಾದಷ್ಟು ಸಿಕ್ಕುತ್ತವೆ. ಉಳಿದ ಅಂಶಗಳನ್ನೆಲ್ಲ ಹಾಗೆಯೇ ಇಟ್ಟು ನಾಯಿಯನ್ನು ಮಾತ್ರ ತೆಗೆದು ನೋಡುವ ವ್ಯತಿರೇಕದ ಪರೀಕ್ಷೆಗಳು ವಿರಳ. ಈ ಸಾಹಿತ್ಯದ ಬಲಾಬಲವೆಲ್ಲ ಈ ಒಂದು ಬಿಂದುವಿನ ಮೇಲೆ ನಿಂತಿದೆ.

೪

ಮೊದಲು ಸಾಮಾಜಿಕ ನಡವಳಿಕೆಯನ್ನು ತೆಗೆದುಕೊಳ್ಳೋಣ. ವಿಯೆನ್ನ ನಗರದ ಒಂದು ಶಾಲೆಯ ಮೊದಲನೆಯ ತರಗತಿಯಲ್ಲಿ ಕೊಟ್ರಶಾಲ್ ಮತ್ತು ಒರ್ಟ್‌ಬಾವರ್ ನಡೆಸಿ ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ತರಗತಿಯಲ್ಲಿದ್ದವರು ೨೪ ಮಕ್ಕಳು. ಮೊದಲ ಒಂದು ತಿಂಗಳು ನಾಯಿಯಿಲ್ಲದೆ, ಮುಂದಿನ ಒಂದು ತಿಂಗಳು ನಾಯಿಯೊಡನೆ ತರಗತಿ ನಡೆಯಿತು. ವಾರಕ್ಕೆ ಎರಡು ಗಂಟೆಗಳ ಕಾಲ ಮಕ್ಕಳ ನಡವಳಿಕೆಯನ್ನು ಚಿತ್ರೀಕರಿಸಿ ಪರಿಶೀಲಿಸಲಾಯಿತು. ನಾಯಿ ಬಂದ ಮೇಲೆ ಜಗಳಗಂಟತನವೂ ಅತಿಚಾಂಚಲ್ಯವೂ ಕಡಮೆಯಾದುವು. ಒಂಟಿಯಾಗಿರುತ್ತಿದ್ದ ಮಕ್ಕಳು ಇತರರೊಡನೆ ಹೆಚ್ಚು ಬೆರೆತರು. ನಾಯಿಯ ಕಡೆಗೆ ಸ್ವಲ್ಪಮಟ್ಟಿಗೆ ಲಕ್ಷ್ಯ ಹರಿದರೂ ಒಟ್ಟಿನಲ್ಲಿ ಉಪಾಧ್ಯಾಯರ ಕಡೆಗೆ ಮಕ್ಕಳು ಕೊಟ್ಟ ಗಮನ ಹೆಚ್ಚಿತು. ನಾಯಿ ಬಂದರೆ ಪಾಠ ಕೆಡುತ್ತದೆಂಬ ಸಹಜವಾದ ಆಕ್ಷೇಪಕ್ಕೆ ಇದು ಗಮನಾರ್ಹವಾದ ಸಮಾಧಾನ.

ಹೀಗಿದ್ದರೂ ಈ ಅಧ್ಯಯನದ ವಿನ್ಯಾಸದಲ್ಲಿ ಒಂದು ನ್ಯೂನತೆಯಿದೆ. ನಾಯಿಯಿಲ್ಲದ ತಿಂಗಳು ಮೊದಲು ಬಂತು, ನಾಯಿಯಿದ್ದ ತಿಂಗಳು ಅನಂತರ ಬಂತು. ಆರೇಳು ವರ್ಷದ ಮಕ್ಕಳು ಹೊಸದಾಗಿ ಸೇರಿದ ತರಗತಿಯಲ್ಲಿ ಒಂದು ತಿಂಗಳು ಕಳೆದ ಮೇಲೆ ತಾವಾಗಿಯೇ ಒಬ್ಬರಿಗೊಬ್ಬರು ಹೊಂದಿಕೊಳ್ಳುವುದು ಲೋಕಾನುಭವ. ಮೂರನೆಯ ತಿಂಗಳು ನಾಯಿಯನ್ನು ಹಿಂದಕ್ಕೆ ಕಳುಹಿಸಿ ನೋಡಿದ್ದರೆ, ಇಲ್ಲವೆ ನಾಯಿಯಿಲ್ಲದ ಇನ್ನೊಂದು ತರಗತಿಯನ್ನು ಜೊತೆಯಲ್ಲಿ ಇಟ್ಟು ನೋಡಿದ್ದರೆ ಈ ಸಂದೇಹಕ್ಕೆ ಎಡೆಯಿರುತ್ತಿರಲಿಲ್ಲ. ಅದೇ ನಗರದಲ್ಲಿ ಹೆರ್ಗೋವಿಚ್ ಮತ್ತು ಸಹೋದ್ಯೋಗಿಗಳು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಎರಡನೆಯ ತರಗತಿಯಿತ್ತು. ಮೂರು ತಿಂಗಳ ಅನಂತರ ನಾಯಿಯಿದ್ದ ತರಗತಿಯ ಮಕ್ಕಳಲ್ಲಿ ಪ್ರಾಣಿಗಳ ಬಗೆಗಿನ ಅನುಕಂಪ ಹೆಚ್ಚಾಗಿ ಕಂಡಿತು. ಅವರ ಸಾಮಾಜಿಕ ಹೊಂದಿಕೆ ಉತ್ತಮವಾಯಿತೆಂದು ಉಪಾಧ್ಯಾಯರು ಹೇಳಿದರು. ಆದರೆ ನಾಯಿಯನ್ನು ತರಗತಿಯಲ್ಲಿ ಕಂಡವರೇ ಫಲವನ್ನು ಅಳೆದವರೂ ಆಗಿರುವಾಗ ಅವರ ನಿರೀಕ್ಷೆ ಅವರ ಅಳತೆಯೊಳಕ್ಕೆ ನುಸುಳಲಿಲ್ಲವೆಂದು ಖಂಡಿತವಾಗಿ ಹೇಳಲಾಗದು. ಔಷಧಿಯ ಪರೀಕ್ಷೆಯಲ್ಲಿ ಗುಳಿಗೆಯ ಗುಟ್ಟನ್ನು ರೋಗಿಯಿಂದಲೂ ವೈದ್ಯನಿಂದಲೂ ಮುಚ್ಚಿಡಬಹುದು. ನಾಯಿಯನ್ನು ಯಾರಿಂದಲೂ ಮುಚ್ಚಿಡಲಾಗುವುದಿಲ್ಲ. ಈ ಕ್ಷೇತ್ರದ ಸಂಶೋಧನೆಗೆ ಇದು ಅಂಟಿದ ಮಿತಿ.

ಸಾಮಾಜಿಕ ಪರಿಣಾಮದ ಬಗೆಗೆ ನಮಗೆ ಹೆಚ್ಚು ಮನವರಿಕೆಯಾಗುವ ಸಾಕ್ಷ್ಯ ಬೇರೊಂದು ಕಡೆಯಿಂದ ಬರುತ್ತದೆ. ಗಾಲಿಕುರ್ಚಿಯಲ್ಲಿ ಓಡಾಡುವ ಮಕ್ಕಳನ್ನು ಶಾಲೆಯ ಆಟದ ಬಯಲಿನಲ್ಲಿಯೂ ಅಂಗಡಿಗಳ ಸಮುಚ್ಚಯದಲ್ಲಿಯೂ ಗಮನಿಸಿ ಮೇಡರ್, ಹಾರ್ಟ್ ಮತ್ತು ಬರ್ಗಿನ್ ಎಂಬವರು ೧೯೮೯ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಸಹಾಯಕ ನಾಯಿಯಿದ್ದ ಮಗುವಿನ ಕಡೆಗೆ ಇತರರು ಬೀರುವ ಸ್ನೇಹದ ನೋಟ, ನಗೆ, ಮಾತು ಎಲ್ಲವೂ ನಾಯಿಯಿಲ್ಲದ ಮಗುವಿಗೆ ದೊರೆತುದಕ್ಕಿಂತ ಹೆಚ್ಚಾಗಿದ್ದುವು. ಇಲ್ಲಿ ಬದಲಾದದ್ದು ಗಾಲಿಕುರ್ಚಿಯ ಮಗುವಿನ ಸ್ವಭಾವವಲ್ಲ, ಸುತ್ತಲಿನವರ ನಡವಳಿಕೆ. ಏನು ಮಾತನಾಡಬೇಕೆಂದು ತಿಳಿಯದೆ ಮುಖ ತಿರುಗಿಸಿ ಹೋಗುತ್ತಿದ್ದವರಿಗೆ ಮಾತಿನ ಒಂದು ನೆವ ಸಿಕ್ಕಿತು. ಸಾಮಾಜಿಕ ಕೌಶಲವೆಂದರೆ ಹಿಂದುಳಿದ ಮಗುವಿನಲ್ಲಿ ನಾವು ತುಂಬಬೇಕಾದ ಒಂದು ಸಾಮಗ್ರಿಯೆಂದು ಶಾಲೆಗಳು ತಿಳಿದಿರುತ್ತವೆ. ಕೊರತೆ ಇರುವುದು ಆ ಮಗುವಿನಲ್ಲಿಯೋ ಅದರ ಸಹಪಾಠಿಗಳಲ್ಲಿಯೋ ಎಂಬ ಪ್ರಶ್ನೆಯನ್ನು ಈ ವರದಿ ಸದ್ದಿಲ್ಲದೆ ಎತ್ತುತ್ತದೆ. ಅನಂತರದ ಬರಹಗಾರರು ಈ ಪ್ರಶ್ನೆಯನ್ನು ಸಾಕಷ್ಟು ಮುಂದುವರಿಸಲಿಲ್ಲವೆಂಬುದು ವಿಷಾದದ ಸಂಗತಿ.

೫

ಇನ್ನು ಓದಿನ ವಿಷಯ. ೧೯೮೩ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಹೋದ್ಯೋಗಿಗಳು ಗಟ್ಟಿಯಾಗಿ ಓದುತ್ತಿರುವ ಮಕ್ಕಳ ರಕ್ತದೊತ್ತಡವನ್ನು ಅಳೆದರು. ಕೋಣೆಯಲ್ಲಿ ನಾಯಿಯಿದ್ದಾಗ ಒತ್ತಡ ಕಡಮೆಯಾಗಿತ್ತು. ಇದಕ್ಕಿಂತ ಸ್ವಾರಸ್ಯವಾದ ಅಂಶ ಇನ್ನೊಂದು: ನಾಯಿ ಮೊದಲಿನಿಂದಲೂ ಕೋಣೆಯಲ್ಲಿದ್ದರೆ ಪರಿಣಾಮ ಹೆಚ್ಚು, ಅರ್ಧದಲ್ಲಿ ಒಳಗೆ ಬಂದರೆ ಪರಿಣಾಮ ಕಡಮೆ. ಮಗು ಅಪರಿಚಿತರ ಕೋಣೆಯನ್ನು ಹೊಕ್ಕ ಕ್ಷಣದಲ್ಲಿಯೇ ‘ಇದು ಎಂಥ ಜಾಗ’ ಎಂಬುದನ್ನು ನಿರ್ಣಯಿಸಿಬಿಡುತ್ತದೆ. ಆ ನಿರ್ಣಯವಾಗುವಾಗ ನಾಯಿ ಅಲ್ಲಿದ್ದರೆ ಜಾಗ ನಿರಪಾಯವೆಂದು ತೋರುತ್ತದೆ ಎಂದು ಇದನ್ನು ಅರ್ಥಮಾಡಬಹುದು. ಓದುವ ಕ್ರಿಯೆ ಮಗುವಿನ ದೇಹಕ್ಕೆ ಎಷ್ಟು ಭಾರವಾದದ್ದೆಂಬುದನ್ನೂ ಇದು ತಿಳಿಸುತ್ತದೆ.

ವ್ಯತಿರೇಕದ ಪರೀಕ್ಷೆಯನ್ನು ಸರಿಯಾಗಿ ಮಾಡಿದ ಕೃತಿಯೆಂದು ನಾವು ಎತ್ತಿಹೇಳಬೇಕಾದದ್ದು ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಷ್ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಲೆ ರು, ಸ್ವಾರ್ಟ್ಸ್ ಮತ್ತು ಸ್ವಾರ್ಟ್ ಎಂಬ ಮೂವರು ಅದರ ಕರ್ತೃಗಳು. ಓದಿನಲ್ಲಿ ಹಿಂದುಳಿದಿದ್ದ ಮೂರನೆಯ ತರಗತಿಯ ೧೦೨ ಮಕ್ಕಳನ್ನು ಯಾದೃಚ್ಛಿಕವಾಗಿ ನಾಲ್ಕು ಗುಂಪುಗಳಾಗಿ ಹಂಚಿದರು. ಒಂದು ಗುಂಪು ನಾಯಿಗೆ ಓದಿತು. ಎರಡನೆಯದು ಒಬ್ಬ ವಯಸ್ಕರಿಗೆ ಓದಿತು. ಮೂರನೆಯದು ವಯಸ್ಕರ ಸಮ್ಮುಖದಲ್ಲಿ ಒಂದು ಕರಡಿಬೊಂಬೆಗೆ ಓದಿತು. ನಾಲ್ಕನೆಯದು ಎಂದಿನ ಪಾಠದಲ್ಲಿಯೇ ಉಳಿಯಿತು. ಹತ್ತು ವಾರಗಳ ಕಾರ್ಯಕ್ರಮದ ಕೊನೆಯಲ್ಲಿ ಓದಿದ್ದನ್ನು ಗ್ರಹಿಸುವ ಶಕ್ತಿಯಲ್ಲಿ ನಾಯಿಯ ಗುಂಪು ಉಳಿದ ಮೂರನ್ನೂ ಮೀರಿಸಿತ್ತು. ಪ್ರತ್ಯೇಕವಾದ ಕಾಲ, ಏಕಾಂತವಾದ ಸ್ಥಳ, ದೊಡ್ಡವರ ಗಮನ ಇವೆಲ್ಲ ವಯಸ್ಕರ ಗುಂಪಿಗೂ ಬೊಂಬೆಯ ಗುಂಪಿಗೂ ದೊರೆತಿದ್ದುವು. ಆದ್ದರಿಂದ ನಾಯಿಯಲ್ಲಿ ಏನೂ ವಿಶೇಷವಿಲ್ಲ, ಎಲ್ಲವೂ ಸನ್ನಿವೇಶದ ಫಲ ಎಂಬ ಸಂಶಯವಾದಿಗಳ ಪೂರ್ವಪಕ್ಷಕ್ಕೆ ಇದು ಬಲವಾದ ಪೆಟ್ಟು.

ಆದರೆ ಒಂದು ಅಧ್ಯಯನದಿಂದ ಸಿದ್ಧಾಂತ ಸ್ಥಿರವಾಗುವುದಿಲ್ಲ. ಅಮೆರಿಕದಲ್ಲಿ ಲಿಂಡರ್ ಮತ್ತು ಸಹೋದ್ಯೋಗಿಗಳು ಎರಡನೆಯ ತರಗತಿಯ ಮಕ್ಕಳಲ್ಲಿ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನದಲ್ಲಿ ಆರು ವಾರ ನಾಯಿಗೆ ಓದಿದ ಮಕ್ಕಳ ಓದಿನ ಸಾಮರ್ಥ್ಯ ಇತರರಿಗಿಂತ ಹೆಚ್ಚಲಿಲ್ಲ. ಶಾಲೆಯ ಓದಿನ ಬಗೆಗೆ ಅವರಿಗಿದ್ದ ಮನೋಭಾವ ಮಾತ್ರ ಉತ್ತಮವಾಯಿತು. ಈ ಎರಡು ಫಲಗಳನ್ನು ವಿರುದ್ಧವೆಂದು ತಿಳಿಯಬೇಕಾಗಿಲ್ಲ. ಕಡಮೆ ಕಾಲದಲ್ಲಿ ಮನಸ್ಸು ತಿರುಗಬಹುದು. ಸಾಮರ್ಥ್ಯ ಬೆಳೆಯಲು ಇನ್ನೂ ಕಾಲ ಬೇಕಾಗಬಹುದು. ಆದರೆ ಇದು ಊಹೆ, ಪ್ರಮಾಣವಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾನಿಲಯದ ಹಾಲ್ ಮತ್ತು ಮಿಲ್ಸ್, ಅವರೊಡನೆ ನ್ಯಾನ್ಸಿ ಗೀ, ೨೦೧೬ರಲ್ಲಿ ಮಕ್ಕಳು ನಾಯಿಗೆ ಓದುವುದನ್ನು ಕುರಿತ ೪೮ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಓದುವ ವಾತಾವರಣ ಹಿತವಾಗುವುದರಿಂದ ಪ್ರಯೋಜನವಾಗುವಂತೆ ಕಾಣುತ್ತದೆ, ಆದರೆ ಸಾಕ್ಷ್ಯದ ಗುಣಮಟ್ಟ ಒಟ್ಟಿನಲ್ಲಿ ಕೆಳಗಿನದು, ದೃಢವಾದ ತೀರ್ಮಾನಕ್ಕೆ ಅದು ಸಾಲದು ಎಂದು ಅಭಿಪ್ರಾಯಪಟ್ಟರು. ಈ ಪದ್ಧತಿಯಲ್ಲಿ ಸ್ವತಃ ಆಸಕ್ತರಾದ ಸಂಶೋಧಕರೇ ಹೀಗೆ ಹೇಳಿರುವುದು ಪ್ರಶಂಸನೀಯ. ಪ್ರಚಾರಕ್ಕಾಗಿ ಬರೆಯುವವರು ಈ ಸಂಯಮವನ್ನು ಅನುಸರಿಸಿಲ್ಲ.

ದೇಹದ ಒತ್ತಡವನ್ನು ಅಳೆಯುವ ಪರೀಕ್ಷೆಗಳು ಓದಿನ ಪರೀಕ್ಷೆಗಳಿಗಿಂತ ಸ್ಥಿರವಾದ ನೆಲೆಯಲ್ಲಿವೆ. ಭಯ ಆತಂಕಗಳಿಗೆ ಒಳಗಾದಾಗ ದೇಹ ಸ್ರವಿಸುವ ಕಾರ್ಟಿಸಾಲ್ ಎಂಬ ದ್ರವ್ಯವನ್ನು ಜೊಲ್ಲಿನಲ್ಲಿ ಅಳೆಯಬಹುದು. ಆಂಡ್ರಿಯ ಬೀಟ್ಸ್ ಮತ್ತು ಸಹೋದ್ಯೋಗಿಗಳು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡವರಲ್ಲಿ ವಿಶ್ವಾಸವಿಡಲಾರದ ೭ರಿಂದ ೧೧ ವರ್ಷದ ಹುಡುಗರನ್ನು ಪರೀಕ್ಷಕರ ಮುಂದೆ ಮಾತನಾಡಿಸಿದಾಗ, ಪಕ್ಕದಲ್ಲಿ ನಾಯಿಯಿದ್ದವರ ಕಾರ್ಟಿಸಾಲ್, ಸ್ನೇಹಪರ ವ್ಯಕ್ತಿಯಿದ್ದವರಿಗಿಂತಲೂ ಬೊಂಬೆನಾಯಿಯಿದ್ದವರಿಗಿಂತಲೂ ಕಡಮೆಯಾಗಿತ್ತು. ನಾಯಿಯನ್ನು ಹೆಚ್ಚಾಗಿ ನೇವರಿಸಿದಷ್ಟೂ ಅದು ಇಳಿದಿತ್ತು. ಕೆರ್ಸ್ಟಿನ್ ಮೈಂಟ್ಸ್ ಮತ್ತು ಸಹೋದ್ಯೋಗಿಗಳು ೨೦೨೨ರಲ್ಲಿ ಪ್ರಕಟಿಸಿದ ಅಧ್ಯಯನ ಇಂಗ್ಲೆಂಡಿನ ಸಾಮಾನ್ಯ ಶಾಲೆಗಳನ್ನೂ ವಿಶೇಷ ಅಗತ್ಯವುಳ್ಳ ಮಕ್ಕಳ ಶಾಲೆಗಳನ್ನೂ ಒಳಗೊಂಡಿತ್ತು. ವಾರಕ್ಕೆ ಎರಡು ಬಾರಿ ಇಪ್ಪತ್ತು ನಿಮಿಷದಂತೆ ನಾಲ್ಕು ವಾರ ನಾಯಿಯೊಡನೆ ಕಳೆದ ಮಕ್ಕಳಲ್ಲಿ ಒತ್ತಡ ಕಡಮೆಯಾಗಿತ್ತು; ಯಾವ ನೆರವೂ ಇಲ್ಲದ ಸಾಮಾನ್ಯ ಶಾಲೆಯ ಮಕ್ಕಳಲ್ಲಿ ಶಾಲೆಯ ಅವಧಿ ಮುಂದುವರಿದಂತೆ ಅದು ಏರಿತು. ಈ ಕೊನೆಯ ವಾಕ್ಯವನ್ನು ಉಪಾಧ್ಯಾಯರು ಎರಡು ಬಾರಿ ಓದಬೇಕು. ಏರಿಕೆಗೆ ಕಾರಣ ರೋಗವಲ್ಲ, ಆಪತ್ತಲ್ಲ. ಶಾಲೆಯ ದಿನಚರಿ ಮುಂದುವರಿದುದಷ್ಟೆ.

೬

ಈ ಎಲ್ಲ ಸಾಕ್ಷ್ಯವನ್ನು ಒಟ್ಟುಗೂಡಿಸಿ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ನಾಯಿಗೆ ನೇರವಾಗಿ ಸಲ್ಲುವ ಫಲಗಳಲ್ಲಿ ಅತ್ಯಂತ ದೃಢವಾದದ್ದು ಭಯದ ಇಳಿಕೆ. ಓದಿನ ಏಳಿಗೆ ಅದರ ಹಿಂದೆ ಬರಬಹುದಾದ ಅನುಷಂಗಿಕ ಫಲ. ಯಾವುದರ ಭಯ? ಕೇಳುವ ಮನುಷ್ಯನ ಭಯ. ಸ್ನೇಹಪರನಾದ ವ್ಯಕ್ತಿಯೂ ನಾಯಿಗೆ ಸಮನಾಗಲಿಲ್ಲವೆಂದು ಬೀಟ್ಸ್ ಅವರ ಅಧ್ಯಯನ ಹೇಳುತ್ತದೆ. ಹಾಗಾಗಲು ಕಾರಣವನ್ನು ನಾಯಿಯ ಪ್ರೇಮದಲ್ಲಿ ಹುಡುಕಬೇಕಾಗಿಲ್ಲ. ಮನುಷ್ಯ ಎಷ್ಟೇ ಸ್ನೇಹಪರನಾಗಿದ್ದರೂ ಅವನು ತಪ್ಪನ್ನು ಗುರುತಿಸಬಲ್ಲವನೆಂಬುದು ಮಗುವಿಗೆ ಗೊತ್ತಿದೆ. ನಾಯಿಗೆ ತಪ್ಪೆಂಬುದೇ ಇಲ್ಲ. ನಾಯಿ ಗುಣವನ್ನು ಎಣಿಸಿ ಮೆಚ್ಚುವುದಿಲ್ಲ, ದೋಷವನ್ನು ಎಣಿಸಿ ಬಿಡುವುದಿಲ್ಲ, ಎಣಿಸುವುದೇ ಇಲ್ಲ. ಲೆವಿನ್‌ಸನ್ನರ ಹುಡುಗ ನಾಯಿಯ ಬಳಿಗೆ ಹೋದದ್ದೂ ಇದರಿಂದಲೇ ಎಂದು ಊಹಿಸಬಹುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ತಪ್ಪನ್ನು ತಿದ್ದದೆ ಇರುವ ಶ್ರೋತೃ ಓದನ್ನು ಕಲಿಸಲಾರದು. ತಪ್ಪು ಓದೇ ರೂಢಿಯಾಗಿಬಿಡಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಸಾಲ್ಟ್ ಲೇಕ್ ನಗರದ ಕ್ರಮದಲ್ಲಿ ತಿದ್ದುವಿಕೆ ಇಲ್ಲದಿಲ್ಲ ಎಂಬುದನ್ನು ಮೇಲೆ ನೋಡಿದೆವು. ಪಕ್ಕದಲ್ಲಿರುವ ಮನುಷ್ಯನೇ ತಿದ್ದುತ್ತಾನೆ. ತಿದ್ದುವಾಗ ಮಾತ್ರ ನಾಯಿಯ ಹೆಸರನ್ನು ಹಿಡಿಯುತ್ತಾನೆ. ನಾಯಿಗೆ ತಿಳಿಯದ ಶಬ್ದವನ್ನು ಮಗು ನಾಯಿಗೆ ತಿಳಿಸಬೇಕಾಗುತ್ತದೆ. ತಪ್ಪಿತಸ್ಥನ ಸ್ಥಾನದಿಂದ ಮಗು ಗುರುವಿನ ಸ್ಥಾನಕ್ಕೆ ಏರುತ್ತದೆ. ಉಪಾಧ್ಯಾಯ ಮರೆಯಾಗಿದ್ದಾನೆ, ಇಲ್ಲವಾಗಿಲ್ಲ. ಈ ಉಪಾಯದ ಜಾಣ್ಮೆ ಮನುಷ್ಯನದು. ನಾಯಿ ಅದಕ್ಕೆ ಒದಗಿದ ನಿಮಿತ್ತ. ಈ ವಿಂಗಡಣೆಯನ್ನು ಮಾಡದೆ ‘ನಾಯಿ ಕಲಿಸಿತು’ ಎಂದು ಬರೆದಾಗ ಉಪಾಧ್ಯಾಯನ ಕಲೆಯ ಒಂದು ಸೂಕ್ಷ್ಮವಾದ ಅಂಶ ಗಣನೆಗೆ ಬಾರದೆ ಹೋಗುತ್ತದೆ.

ನಾಯಿಯ ಪಕ್ಷದಿಂದಲೂ ಎರಡು ಮಾತು ಹೇಳಬೇಕು. ‘ನಿರಪೇಕ್ಷ ಪ್ರೇಮ’ವೆಂಬ ಆರೋಪ ನಾಯಿಗೂ ಅನ್ಯಾಯವನ್ನೇ ಮಾಡುತ್ತದೆ; ಅದಕ್ಕೂ ಬೇಸರವುಂಟು, ಆಯಾಸವುಂಟು. ಮುಖವನ್ನು ಪಕ್ಕಕ್ಕೆ ತಿರುಗಿಸುವುದು, ತುಟಿಯನ್ನು ಮತ್ತೆ ಮತ್ತೆ ನೆಕ್ಕುವುದು, ನಿದ್ರೆಯಿಲ್ಲದೆಯೂ ಆಕಳಿಸುವುದು ಇವು ಅದರ ಕಿರಿಕಿರಿಯ ಲಕ್ಷಣಗಳು. ಚಿಕ್ಕ ಮಕ್ಕಳಿಗೆ ಈ ಲಕ್ಷಣಗಳು ತಿಳಿಯವು. ಹಲ್ಲು ಕಿರಿದು ಗುರುಗುಟ್ಟುವ ನಾಯಿಯ ಮುಖವನ್ನು ನಾಲ್ಕು ವರ್ಷದ ಮಕ್ಕಳಲ್ಲಿ ಅನೇಕರು ನಗುವ ಮುಖವೆಂದು ತಿಳಿಯುತ್ತಾರೆಂಬುದನ್ನು ಮೈಂಟ್ಸ್ ಮತ್ತು ಸಹೋದ್ಯೋಗಿಗಳೇ ೨೦೧೮ರಲ್ಲಿ ತೋರಿಸಿದ್ದಾರೆ. ನಾಯಿಯ ಮುಖವನ್ನು ಓದಲು ಕಲಿಸದೆ ನಾಯಿಗೆ ಓದಲು ಮಗುವನ್ನು ಕೂರಿಸುವುದು ಅಪಾಯಕರ. ಅದೇ ಪಾಠ ಸರಿಯಾಗಿ ನಡೆದರೆ ಇನ್ನೊಂದು ಜೀವದ ಇಷ್ಟಾನಿಷ್ಟಗಳನ್ನು ಅದರ ಚಹರೆಯಿಂದ ಅರಿಯುವ ಅಭ್ಯಾಸವೂ ಆಗುತ್ತದೆ. ಸಾಮಾಜಿಕ ಕೌಶಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿರಲಾರದು. ನಾಯಿಗೆ ಹೆದರುವ ಮಗು, ಅದರ ಕೂದಲಿನಿಂದ ಉಬ್ಬಸಕ್ಕೆ ಗುರಿಯಾಗುವ ಮಗು ಇವರಿಗೂ ತರಗತಿಯಲ್ಲಿ ಸಮನಾದ ಹಕ್ಕುಂಟೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ನಮ್ಮ ದೇಶದ ಉಪಾಧ್ಯಾಯರು ಈ ಸಾಹಿತ್ಯವನ್ನು ಓದುವಾಗ ಇನ್ನೊಂದು ಭೇದವನ್ನು ನೆನಪಿನಲ್ಲಿಡಬೇಕಾಗುತ್ತದೆ. ಯೂಟದ ಗ್ರಂಥಾಲಯದ ನಾಯಿ ಪರೀಕ್ಷಿತವಾದದ್ದು, ಯಜಮಾನನ ಹಿಡಿತದಲ್ಲಿರುವುದು. ನಮ್ಮಲ್ಲಿ ಶಾಲೆಯ ಅಂಗಳಕ್ಕೆ ಬರುವ ನಾಯಿ ಬಹುಮಟ್ಟಿಗೆ ಬೀದಿಯದು. ಲಕ್ಷಣ ತೋರಿದ ಮೇಲೆ ಹೆಚ್ಚುಕಡಮೆ ಯಾರನ್ನೂ ಉಳಿಸದ ಹುಚ್ಚುನಾಯಿ ರೋಗದ ಭೀತಿಯೂ ಅದರೊಡನೆ ಬರುತ್ತದೆ. ೨೦೨೫ರ ನವೆಂಬರ್ ೭ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ವಿದ್ಯಾಸಂಸ್ಥೆಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆಯಬೇಕೆಂದು ಆಜ್ಞಾಪಿಸಿದ್ದು ಈ ಭೀತಿಯ ಹಿನ್ನೆಲೆಯಲ್ಲಿಯೇ. ಎರಡೂ ನಾಯಿಗಳೇ ಎಂಬ ನೆಪದಿಂದ ಒಂದರ ಗುಣವನ್ನು ಇನ್ನೊಂದಕ್ಕೆ ಹಚ್ಚುವುದೂ, ಒಂದರ ಭಯದಿಂದ ಇನ್ನೊಂದನ್ನು ಕುರಿತ ಸಂಶೋಧನೆಯನ್ನು ತಳ್ಳಿಹಾಕುವುದೂ ಸಮಾನವಾದ ತಪ್ಪುಗಳು.

ಒಟ್ಟಿನಲ್ಲಿ ಲೆವಿನ್‌ಸನ್ನರ ೧೯೬೨ರ ಲೇಖನ ಕಾಲದ ಪರೀಕ್ಷೆಯಲ್ಲಿ ಸಂಪೂರ್ಣವಾಗಿ ಗೆದ್ದಿಲ್ಲ, ಸೋತೂ ಇಲ್ಲ. ನಾಯಿಯ ಸಾನ್ನಿಧ್ಯ ಭಯಗೊಂಡ ಮಗುವಿಗೆ ಹಿತವೆಂಬ ಅವರ ಕಾಣ್ಕೆ ನಿಂತಿದೆ. ನಾಯಿ ಚಿಕಿತ್ಸಕ ಅಥವಾ ಶಿಕ್ಷಕ ಎಂಬ ಅವರ ಅನುಯಾಯಿಗಳ ಉತ್ಪ್ರೇಕ್ಷೆ ನಿಂತಿಲ್ಲ. ಈ ಸಂಶೋಧನೆಯಿಂದ ನಾವು ಕಲಿಯಬೇಕಾದ ಮುಖ್ಯವಾದ ಪಾಠ ನಾಯಿಯನ್ನು ಕುರಿತದ್ದಕ್ಕಿಂತ ಹೆಚ್ಚಾಗಿ ನಮ್ಮ ಕೇಳುವಿಕೆಯನ್ನು ಕುರಿತದ್ದು. ಮಗು ಓದುವಾಗ ನಡುವೆ ತಡೆಯದೆ, ಮುಖವನ್ನು ಗಂಟಿಕ್ಕದೆ, ಇತರ ಮಕ್ಕಳ ನಗೆಗೆ ಅದನ್ನು ಒಡ್ಡದೆ ಹತ್ತು ನಿಮಿಷ ಕೇಳುವುದು ನಾಯಿಯಿಲ್ಲದ ಶಾಲೆಯಲ್ಲಿಯೂ ಸಾಧ್ಯ. ಸ್ಟೆಲೆನ್‌ಬಾಷಿನ ಪರೀಕ್ಷೆಯನ್ನು ನಂಬುವುದಾದರೆ ಅದರಿಂದ ನಾಯಿ ಕೊಡುವಷ್ಟು ಫಲ ದೊರೆಯದೆ ಹೋಗಬಹುದು. ಆದರೂ ಅದು ನಮ್ಮ ಕೈಯಲ್ಲಿರುವ ಫಲ. ಮಗು ಮನುಷ್ಯನಿಗಿಂತ ನಾಯಿಯ ಮುಂದೆ ನಿರ್ಭಯವಾಗಿ ಓದುತ್ತದೆಂಬ ಸಂಗತಿಯನ್ನು ನಾಯಿಯ ಪ್ರಶಂಸೆಯೆಂದು ಮಾತ್ರ ಓದಿಕೊಂಡು ನಮ್ಮನ್ನು ಕುರಿತ ವಿಮರ್ಶೆಯೆಂದು ಓದದೆ ಬಿಟ್ಟರೆ, ಅರುವತ್ತು ವರ್ಷಗಳ ಈ ಶ್ರಮದ ಅರ್ಧಭಾಗ ವ್ಯರ್ಥವಾದಂತೆಯೇ ಸರಿ.